ಕಾರಿಗೂ ಮಡಿಯುಂಟೆ?

ನಮ್ಮ ಕೂಟದ ಊಟದ ಸಾಲಿನಲ್ಲಿ, ಬಿಸಿಬೇಳೆ ಭಾತಿನ ಪಾತ್ರೆ ತಲುಪುವ ಮೊದಲು ಕಿವಿಗೆ ಬೀಳುವ ಮಾತು ಈಗೀಗ ಮನೆಯ ಬೆಲೆಯದಲ್ಲ, ಮಕ್ಕಳ ಗ್ರಾಮರ್ ಸ್ಕೂಲಿನದೂ ಅಲ್ಲ, ಕಾರಿನದು. ವಿದ್ಯುತ್ ಕಾರು ಕೊಂಡವರು ಒಂದು ಕಡೆ, ಪೆಟ್ರೋಲ್ ಕಾರು ಬಿಡದವರು ಇನ್ನೊಂದು ಕಡೆ. ಒಂದು ಚಾರ್ಜಿಗೆ ಎಷ್ಟು ಮೈಲಿ, ಚಳಿಗಾಲದಲ್ಲಿ ಎಷ್ಟು ಇಳಿಯುತ್ತದೆ (ಐದರಲ್ಲೊಂದು ಪಾಲು ಇಳಿದರೆ ಆಶ್ಚರ್ಯವಿಲ್ಲ), ಈ ಲೆಕ್ಕಗಳೆಲ್ಲ ಬೇಗ ಮುಗಿಯುತ್ತವೆ. ಆಮೇಲೆ ಉಳಿಯುವುದು ಧ್ವನಿ. ಒಬ್ಬರ ಧ್ವನಿಯಲ್ಲಿ ಮಡಿಯುಟ್ಟು ಒಳಗೆ ಬಂದವರ ಠೀವಿ. ಇನ್ನೊಬ್ಬರದರಲ್ಲಿ "ನಿಮ್ಮ ಮಡಿ ನಮಗೆ ಗೊತ್ತಿಲ್ಲವೇ" ಎಂಬ ಕೊಂಕು. ಕಾರಿಗೂ ಮಡಿ ಮೈಲಿಗೆಯುಂಟೆ? ಇದ್ದರೆ ಅದನ್ನು ಅಳೆಯುವುದು ಹೇಗೆ?

ಕೊಂಕಿನವರ ವಾದವನ್ನೇ ಮೊದಲು ನೋಡೋಣ. ಹೊಗೆ ಹೋಗುವುದಿಲ್ಲ ಸ್ವಾಮಿ, ಸರ್ಕಾರಿ ನೌಕರನ ಹಾಗೆ ಬೇರೆ ಊರಿಗೆ ವರ್ಗವಾಗುತ್ತದೆ ಅಷ್ಟೆ, ಎನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. 2001ರಲ್ಲಿ ಬೆಂಗಳೂರಿನ ರಸ್ತೆಗಿಳಿದ ನಮ್ಮ ರೇವಾ ಕಾರನ್ನು ನೆನೆಯಿರಿ. (2004ರಿಂದ ಅದು ಜೀ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿಗೂ ಬಂತು. ಇಲ್ಲಿಯವರು ಅದನ್ನು ನೋಡಿ ನಕ್ಕದ್ದೇ ನಕ್ಕದ್ದು. ಇಪ್ಪತ್ತು ವರ್ಷದ ಮೇಲೆ ಅದೇ ದಾರಿ ಹಿಡಿದಿದ್ದಾರೆ ಎನ್ನುವಾಗ ಕನ್ನಡಿಗನಾದ ನನಗೆ ಸಣ್ಣ ತೃಪ್ತಿ.) ಆ ಕಾರು ಬೆಂಗಳೂರಿನಲ್ಲಿ ಹೊಗೆಯುಗುಳಲಿಲ್ಲ, ನಿಜ. ಆದರೆ ಅದು ಕುಡಿದ ಕರೆಂಟಿನಲ್ಲಿ ಶರಾವತಿಯ ನೀರಿನಷ್ಟೇ ರಾಯಚೂರು ಶಕ್ತಿನಗರದ ಕಲ್ಲಿದ್ದಲಿಗೂ ಪಾಲಿತ್ತು. ರಾಜಧಾನಿಯ ಗಾಳಿ ತಿಳಿಯಾದಷ್ಟೂ ಬೂದಿ ಬೀಳುವುದು ರಾಯಚೂರಿನವರ ಅಂಗಳದಲ್ಲಿ ಎಂದರೆ ಅದಕ್ಕೆ ಮಡಿ ಎನ್ನಲು ನನಗೆ ಮನಸ್ಸು ಬಾರದು.

ಈ ನಾಡಿನ ಮಟ್ಟಿಗೆ ಮಾತ್ರ ಆ ವಾದ ಹಳಸಿದೆ. 1882ರಲ್ಲಿ ಲಂಡನ್ನಿನ ಹೋಬರ್ನ್ ವಯಾಡಕ್ಟ್‌ನಲ್ಲಿ ಶುರುವಾದ ಕಲ್ಲಿದ್ದಲ ವಿದ್ಯುತ್ತಿನ ಕಥೆ 2024ರ ಸೆಪ್ಟೆಂಬರ್ 30ರಂದು ರಾಟ್ಕ್ಲಿಫ್-ಆನ್-ಸೋರ್ ಸ್ಥಾವರ ಮುಚ್ಚುವುದರೊಂದಿಗೆ ಮುಗಿಯಿತು. ಲೆಕ್ಕ ಹೀಗಿದೆ: ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್. ಗ್ಯಾಲನ್ನಿಗೆ 40 ಮೈಲಿ ಕೊಡುವ ಕಾರಿನಲ್ಲಿ ಹತ್ತು ಮೈಲಿ ಹೋಗಿಬಂದರೆ ಎರಡೂವರೆ ಕಿಲೋಗ್ರಾಮಿಗೂ ಮೇಲು. ಅದೇ ಹತ್ತು ಮೈಲಿಗೆ ವಿದ್ಯುತ್ ಕಾರಿಗೆ ಸುಮಾರು ಮೂರು ಯೂನಿಟ್ ಸಾಕು. 2024ರ ಬ್ರಿಟನ್ನಿನ ಕರೆಂಟಿನಲ್ಲಿ ಅದು ಅರ್ಧ ಕಿಲೋಗ್ರಾಂ ಕೂಡ ದಾಟುವುದಿಲ್ಲ. ಪೆಟ್ರೋಲ್ ಎಂಜಿನ್ನು ತಿಂದದ್ದರಲ್ಲಿ ಮುಕ್ಕಾಲು ಪಾಲನ್ನು ಬಿಸಿಯಾಗಿಯೇ ಕಳೆಯುತ್ತದೆ. ಬ್ಯಾಟರಿ ತಯಾರಿಸುವಾಗಿನ ಹೆಚ್ಚುವರಿ ಹೊಗೆ, ಸಾಮಾನ್ಯವಾಗಿ ಓಡಿಸುವವರಿಗೆ, ಒಂದೆರಡು ವರ್ಷದಲ್ಲಿ ತೀರುವ ಸಾಲ.

ಆದರೆ ನೀತಿಯ ಪ್ರಶ್ನೆ ಕಿಲೋಗ್ರಾಮಿನಲ್ಲಿಲ್ಲ. ದಕ್ಷಿಣ ಲಂಡನ್ನಿನ ಲೂಯಿಷಮ್‌ನಲ್ಲಿ, ಸೌತ್ ಸರ್ಕ್ಯುಲರ್ ರಸ್ತೆಯ ಪಕ್ಕದಲ್ಲೇ ಬೆಳೆದ ಎಲ್ಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಹುಡುಗಿ 2013ರಲ್ಲಿ ಆಸ್ತಮಾದಿಂದ ತೀರಿಕೊಂಡಳು. ವಯಸ್ಸು ಒಂಬತ್ತು. ತಾಯಿ ಬಿಡದೆ ಹೋರಾಡಿದರು. 2020ರ ಡಿಸೆಂಬರಿನಲ್ಲಿ ಕೊರೋನರ್ ಆಕೆಯ ಸಾವಿಗೆ ವಾಯುಮಾಲಿನ್ಯವೂ ಕಾರಣ ಎಂದು ಬರೆದರು. ಈ ದೇಶದಲ್ಲಿ ಹಾಗೆ ಬರೆದದ್ದು ಅದೇ ಮೊದಲು. ಆದರೆ ಯಾವ ಕಾರಿನ ನಂಬರನ್ನು ಬರೆಯುವುದು? ಆ ರಸ್ತೆಯಲ್ಲಿ ಹಾದ ಯಾರೊಬ್ಬರೂ ಆ ಮಗುವಿಗೆ ಕೇಡು ಬಗೆದವರಲ್ಲ. ಒಬ್ಬರು ಕೆಲಸಕ್ಕೆ, ಒಬ್ಬರು ಆಸ್ಪತ್ರೆಗೆ, ಇನ್ನೊಬ್ಬರು ನಮ್ಮ ಹಾಗೆ ಕೊತ್ತಂಬರಿ ಸೊಪ್ಪಿಗೆ ಹೊರಟಿದ್ದವರು. ರಾಜನ ಕೊಳಕ್ಕೆ ಎಲ್ಲರೂ ಒಂದೊಂದು ಚೆಂಬು ಹಾಲು ಹಾಕಬೇಕೆಂದಾಗ, ನನ್ನ ಒಂದು ಚೆಂಬು ನೀರು ಯಾರಿಗೆ ಕಂಡೀತು ಎಂದು ಊರಿಗೆ ಊರೇ ನೀರು ಹಾಕಿದ ಕಥೆ ನಮಗೆಲ್ಲ ಗೊತ್ತು. ಇಲ್ಲಿ ಚೆಂಬಿನಲ್ಲಿದ್ದದ್ದು ನೀರಲ್ಲ, ಹೊಗೆ. ನನ್ನೊಬ್ಬನ ಕಾರಿನಿಂದ ಏನಾದೀತು ಎಂಬ ಮಾತು ಲೆಕ್ಕಕ್ಕೆ ಸರಿಯಾಗಿದ್ದರೂ ಆ ತಾಯಿಯೆದುರು ನಿಂತು ಆಡಲಾಗದ ಮಾತು. ದೊಡ್ಡ ರಸ್ತೆಯ ಪಕ್ಕದ ಮನೆಗಳಲ್ಲಿ ಇರುವವರು ಹೆಚ್ಚಾಗಿ ಬಡವರು, ಅನೇಕರಿಗೆ ಕಾರೇ ಇಲ್ಲ. ಹೊಗೆ ಅವರದು, ಓಟ ನಮ್ಮದು. ವಿದ್ಯುತ್ ಕಾರಿನಲ್ಲೂ ಟೈರು ಸವೆದ ಧೂಳು ಉಳಿಯುತ್ತದೆ. ಆದರೆ ಹಿಂದಿನ ಕೊಳವೆಯೇ ಇಲ್ಲ. ನನ್ನ ಮಟ್ಟಿಗೆ ಇದೊಂದೇ ಸಾಕು.

"ಕಾಂಗೋ ಮರೆತಿರಾ?" ಎಂದು ಕೇಳುವವರಿದ್ದಾರೆ. ಕೇಳಬೇಕಾದ್ದೇ. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ಮೂರನೆಯ ಎರಡು ಪಾಲಿಗೂ ಹೆಚ್ಚು ಆ ಒಂದು ದೇಶದ್ದು. ಅದರಲ್ಲೊಂದು ಭಾಗವನ್ನು ಕೈಗುದ್ದಲಿಯಲ್ಲಿ ಅಗೆಯುವವರಲ್ಲಿ ಮಕ್ಕಳೂ ಇದ್ದಾರೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುವುದು ಇಂಥದ್ದಕ್ಕೇ. ಆದರೆ ಕೇಳುವವರು ತಮ್ಮ ಬೆಟ್ಟವನ್ನೂ ನೋಡಿಕೊಳ್ಳಲಿ. ನೈಜೀರಿಯಾದ ಒಗೊನಿ ನಾಡಿನ ಹೊಲ ಹಳ್ಳಗಳಿಗೆ ತೈಲ ಹರಿದದ್ದನ್ನು ಪ್ರತಿಭಟಿಸಿದ ಲೇಖಕ ಕೆನ್ ಸಾರೋ-ವಿವಾರನ್ನು 1995ರ ನವೆಂಬರ್ 10ರಂದು ಅಲ್ಲಿನ ಸೇನಾ ಸರ್ಕಾರ ಗಲ್ಲಿಗೇರಿಸಿತು. ಆ ನೆಲ ಪೂರ್ತಿ ಚೊಕ್ಕಟವಾಗಲು 25ರಿಂದ 30 ವರ್ಷ ಬೇಕು ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2011ರಲ್ಲಿ ಹೇಳಿತು. ಪೆಟ್ರೋಲಿಗೆ ದೂರದ ಪಾಪವೂ ಉಂಟು, ಹತ್ತಿರದ್ದೂ ಉಂಟು. ಇನ್ನೊಂದು ವ್ಯತ್ಯಾಸ: ಉರಿದ ಎಣ್ಣೆ ಹೋಯಿತು, ಮುಂದಿನ ವಾರ ಮತ್ತೆ ತೋಡಬೇಕು. ಅಗೆದ ಲೋಹ ಬ್ಯಾಟರಿಯಲ್ಲಿ ಕೂತಿರುತ್ತದೆ, ಕರಗಿಸಿ ಮತ್ತೆ ಬಳಸಬಹುದು. ಕೋಬಾಲ್ಟೇ ಇಲ್ಲದ ಕಬ್ಬಿಣ-ಫಾಸ್ಫೇಟ್ ಬ್ಯಾಟರಿಗಳೂ ಈಗ ಮಾಮೂಲಾಗಿವೆ. ಕೊಳ್ಳುವಾಗ ಬಣ್ಣ ಕೇಳುವ ಬದಲು ಅದನ್ನು ಕೇಳಬಹುದಲ್ಲವೇ?

ಹಾಗಾದರೆ ಮಡಿಯವರದೇ ಗೆಲುವೆ? ನನಗೆ ಇರಿಸುಮುರಿಸಾಗುವುದು ಇಲ್ಲೇ. ಮನೆಮುಂದೆ ಡ್ರೈವ್‌ವೇ ಇರುವವರಿಗೆ 2025ರಲ್ಲಿ ರಾತ್ರಿಯ ಕರೆಂಟು ಯೂನಿಟ್ಟಿಗೆ ಏಳೆಂಟು ಪೆನ್ಸಿಗೂ ಸಿಗುತ್ತಿತ್ತು, ಅದರ ಮೇಲೆ ತೆರಿಗೆ ಶೇಕಡಾ 5. ಮೂರನೆಯ ಮಹಡಿಯ ಫ್ಲ್ಯಾಟಿನವರು ಬೀದಿಯ ವೇಗದ ಚಾರ್ಜರಿಗೆ ಹೋದರೆ ಎಪ್ಪತ್ತು ಪೆನ್ಸಿಗೂ ಮೇಲು, ತೆರಿಗೆ ಶೇಕಡಾ 20. ಒಬ್ಬರಿಗೆ ಮೈಲಿಗೆ ಎರಡು ಪೆನ್ಸ್, ಇನ್ನೊಬ್ಬರಿಗೆ ಇಪ್ಪತ್ತು. ಅಷ್ಟರಲ್ಲಿ ಪೆಟ್ರೋಲೇ ಅಗ್ಗ. ಮನೆಯುಳ್ಳವರಿಗೆ ಮಡಿ ಸಲೀಸು, ಬಾಡಿಗೆಯವರಿಗೆ ದುಬಾರಿ. ಹಿಂದಿನ ಮಡಿಯೂ ಹೀಗೇ ಅಲ್ಲವೇ, ಅಂಗಳದಲ್ಲಿ ಸ್ವಂತ ಬಾವಿ ಇದ್ದವರಿಗೆ! ರಸ್ತೆಯ ಖರ್ಚಿನ ಮಾತೂ ಉಂಟು. ಪೆಟ್ರೋಲಿನವರು 2025ರಲ್ಲಿ ಲೀಟರಿಗೆ 52.95 ಪೆನ್ಸ್ ಸುಂಕ ಕಟ್ಟುತ್ತಿದ್ದರು. ವಿದ್ಯುತ್ ಕಾರುಗಳಿಗೆ 2028ರ ಏಪ್ರಿಲ್‌ನಿಂದ ಮೈಲಿಗೆ 3 ಪೆನ್ಸ್ ಎಂದು 2025ರ ನವೆಂಬರ್ ಬಜೆಟ್ಟಿನಲ್ಲಿ ಸಾರಿದಾಗ ನಮ್ಮಲ್ಲಿ ಕೆಲವರು ಗೋಳಾಡಿದರು. ನನಗೇನೂ ಅದು ಅನ್ಯಾಯವೆನಿಸಲಿಲ್ಲ.

ನಮ್ಮ ಕೂಟದಲ್ಲಿ ಈಚೆಗೆ ಈ ದೇಶಕ್ಕೆ ಬಂದ ತರುಣ ದಂಪತಿಗಳು ಬಹಳ ಮಂದಿ ಫ್ಲ್ಯಾಟುಗಳಲ್ಲಿದ್ದಾರೆ. ಹಳಬರಾದ ನಮ್ಮ ಮನೆಗಳ ಗೋಡೆಗೆ ತಗಲಿರುವ ಚಾರ್ಜರ್ ಪೆಟ್ಟಿಗೆಗಳು ಹಗಲಿಡೀ ಸುಮ್ಮನೆ ನೇತಾಡುತ್ತಿರುತ್ತವೆ. ನಮ್ಮ ಮನೆಯದು ಶನಿವಾರ ಬೆಳಗಿನಿಂದ ಸಂಜೆಯವರೆಗೆ ಖಾಲಿ. ಬಿಲ್ಲಿಗೆ ಬಿದ್ದಷ್ಟೇ ಕೊಟ್ಟರೆ ಸಾಕು. ಮೊದಲೇ ಒಂದು ಫೋನ್ ಮಾಡಿ ಬನ್ನಿ. ಅರ್ಧ ಬ್ಯಾಟರಿ ತುಂಬಲು ನಾಲ್ಕೈದು ಗಂಟೆ ಬೇಕಾದೀತು, ಊಟ ಇಲ್ಲೇ ಆಗಲಿ.