ತಪ್ಪು ನನ್ನದೇ ಎನ್ನುವ ಸುಖ

ಹಾಸ್ಟೆಲಿನಲ್ಲಿ ರಾತ್ರಿ ಹನ್ನೊಂದರ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತರೆ ರೂಮ್‌ಮೇಟ್ ನಾನು ಥೀಸಿಸ್ ಬರೆಯುತ್ತಿದ್ದೇನೆ ಎಂದುಕೊಳ್ಳುತ್ತಾಳೆ. ಒಂದು ದಿನ ನೀರು ಕುಡಿಯಲು ಎದ್ದವಳು ಪರದೆ ನೋಡಿ ನಿಂತಳು. ಹದಿನೈದು ನಿಮಿಷದಿಂದ ಅದರ ಮೇಲೆ ಏನೂ ಅಲುಗಾಡಿರಲಿಲ್ಲ. "ಏನೇ, ಹ್ಯಾಂಗ್ ಆಯ್ತಾ?" ಎಂದು ಕೇಳಿದಳು. "ಇಲ್ಲ, ಯೋಚನೆ ಮಾಡ್ತಿದೀನಿ" ಎಂದೆ. ಇಷ್ಟು ಹೊತ್ತು ಯೋಚಿಸುವಂಥದ್ದು ಒಂದು ಕಂಪ್ಯೂಟರ್ ಆಟದಲ್ಲಿ ಏನಿರುತ್ತದೆ ಎಂಬಂತೆ ನೋಡಿ ಮಲಗಿದಳು. ಅವಳು ಕೇಳದೆ ಬಿಟ್ಟ ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಅದು ನನ್ನ ಥೀಸಿಸ್ಸಿನ ಬಾಗಿಲಿಗೂ, ಊರಿನ ತೋಟಕ್ಕೂ ಬಂದು ಮುಟ್ಟುತ್ತದೆ ಎಂದು ಆಗ ನನಗೂ ಗೊತ್ತಿರಲಿಲ್ಲ.

ಆಟದ ಹೆಸರು 'ಇನ್‌ಟು ದ ಬ್ರೀಚ್'. 2018ರಲ್ಲಿ ಬಂದದ್ದು. ಸಬ್‌ಸೆಟ್ ಗೇಮ್ಸ್ ಎಂಬ ಪುಟ್ಟ ತಂಡದ ಜಸ್ಟಿನ್ ಮಾ ಮತ್ತು ಮ್ಯಾಥ್ಯೂ ಡೇವಿಸ್ ಇದನ್ನು ರೂಪಿಸಿದವರು. ದೊಡ್ಡ ಕಂಪನಿಗಳ ಹಂಗಿಲ್ಲದೆ, ಕೈಬೆರಳೆಣಿಕೆಯ ಜನ ಸೇರಿ ಮಾಡುವ ಇಂಥವನ್ನು ಇಂಡೀ ಆಟಗಳೆನ್ನುತ್ತಾರೆ. ಹಣದಲ್ಲಿ, ಚಿತ್ರವೈಭವದಲ್ಲಿ ದೊಡ್ಡವರೊಂದಿಗೆ ಸ್ಪರ್ಧಿಸಲಾಗದ ಇವರು ಒಂದೇ ಒಂದು ವಿಚಾರವನ್ನು ಹಿಡಿದು ಅದರ ತಳ ಮುಟ್ಟುವವರೆಗೆ ಹೋಗುತ್ತಾರೆ. ತಂತ್ರಗಾರಿಕೆಯ ಆಟಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ.

ಈ ಆಟದ ವಿಚಾರ ಏನೆಂದು ತಿಳಿಯಲು ಇದೇ ಇಬ್ಬರ ಹಿಂದಿನ ಆಟವನ್ನು ನೋಡಬೇಕು. ಶಾಂಘೈನ ಒಂದು ದೊಡ್ಡ ಸ್ಟುಡಿಯೋದ ಕೆಲಸ ಬಿಟ್ಟುಬಂದ ಅವರು 2012ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದ 10,000 ಡಾಲರ್ ಕೇಳಿದರು. ಬಂದದ್ದು 2 ಲಕ್ಷ ಡಾಲರಿಗೂ ಹೆಚ್ಚು. ಅದೇ ವರ್ಷ ಹೊರಬಂದ ಆ ಆಟ 'ಎಫ್‌ಟಿಎಲ್: ಫಾಸ್ಟರ್ ದ್ಯಾನ್ ಲೈಟ್'. ಒಂದು ಸಣ್ಣ ಆಕಾಶನೌಕೆ, ನಾಲ್ಕಾರು ಸಿಬ್ಬಂದಿ, ಹಿಂದೆ ಅಟ್ಟಿಸಿಕೊಂಡು ಬರುವ ಶತ್ರುಪಡೆ. ಪ್ರತಿ ನಿಲ್ದಾಣದಲ್ಲಿ ಏನು ಕಾದಿದೆಯೋ ಹೇಳಲಾಗದು. ದೈತ್ಯ ಜೇಡಗಳು ನುಗ್ಗಿದ ಒಂದು ನಿಲ್ದಾಣದಿಂದ ಸಹಾಯಕ್ಕಾಗಿ ಕರೆ ಬರುತ್ತದೆ. ನೆರವಿಗೆಂದು ನಮ್ಮವರನ್ನು ಕಳಿಸಿದರೆ ಒಮ್ಮೊಮ್ಮೆ ಬಹುಮಾನ ಸಿಗುತ್ತದೆ, ಒಮ್ಮೊಮ್ಮೆ ಒಬ್ಬ ಸಿಬ್ಬಂದಿ ಸತ್ತೇಹೋಗುತ್ತಾನೆ. ಕಳಿಸಿದ್ದು ತಪ್ಪೋ ಸರಿಯೋ? ಆಟ ಹೇಳುವುದಿಲ್ಲ. ಹೊಡೆದ ಗುಂಡು ತಗುಲಬಹುದು, ತಪ್ಪಲೂಬಹುದು. ಎಫ್‌ಟಿಎಲ್ ಆಡಿ ಸೋತಾಗಲೆಲ್ಲ ನನ್ನ ಬಾಯಲ್ಲಿ ಬಂದ ಮಾತು ಒಂದೇ: ಗ್ರಹಚಾರ.

ಆರು ವರ್ಷದ ನಂತರ ಬಂದ 'ಇನ್‌ಟು ದ ಬ್ರೀಚ್'ನಲ್ಲಿ ಆ ಮಾತು ಆಡುವ ಅವಕಾಶವನ್ನೇ ಹೆಚ್ಚುಕಡಿಮೆ ತೆಗೆದುಹಾಕಿದ್ದಾರೆ. ಚದುರಂಗದಂತೆ ಎಂಟಕ್ಕೆ ಎಂಟು ಚೌಕಗಳ ಹಾಸು. ನಮ್ಮ ಮೂರು ಯಂತ್ರಗಳು, ನೆಲದೊಳಗಿಂದ ಎದ್ದುಬರುವ ದೈತ್ಯ ಹುಳುಗಳು, ನಡುವೆ ಜನವಸತಿಯ ಕಟ್ಟಡಗಳು. ಹುಳುಗಳು ಮೊದಲು ನಡೆದು, ಗುರಿ ಹಿಡಿದು, ಹಾಗೇ ನಿಲ್ಲುತ್ತವೆ. ಯಾವುದು ಯಾವ ಚೌಕಕ್ಕೆ ಹೊಡೆಯಲಿದೆ, ಎಷ್ಟು ಹಾನಿಯಾಗಲಿದೆ, ಮುಂದಿನ ಹುಳು ಯಾವ ಚೌಕದಿಂದ ಏಳಲಿದೆ ಎಲ್ಲವನ್ನೂ ಪರದೆ ತೋರಿಸುತ್ತದೆ. ಆಮೇಲೆ ನಮ್ಮ ಸರದಿ. ನಮ್ಮ ಏಟು ಗುರಿ ತಪ್ಪುವುದೇ ಇಲ್ಲ. ಹುಳುಗಳನ್ನೆಲ್ಲ ಕೊಲ್ಲಬೇಕೆಂದೂ ಇಲ್ಲ. ಒಂದನ್ನು ಒಂದು ಚೌಕ ಪಕ್ಕಕ್ಕೆ ದೂಡಿದರೆ ಸಾಕು, ಕಟ್ಟಡಕ್ಕೆ ಬೀಳಬೇಕಾದ ಅದರ ಏಟು ಇನ್ನೊಂದು ಹುಳುವಿಗೆ ಬೀಳುತ್ತದೆ. ಯಂತ್ರ ನಡೆಸಿದ್ದು ತಪ್ಪೆನಿಸಿದರೆ ಹಿಂದೆ ತೆಗೆದುಕೊಳ್ಳಬಹುದು. ಪ್ರತಿ ಕಾಳಗದಲ್ಲಿ ಒಂದು ಸಲ ಇಡೀ ಸುತ್ತನ್ನೇ ಮೊದಲಿಂದ ಆಡಬಹುದು. ಇಷ್ಟೆಲ್ಲ ಕೊಟ್ಟಮೇಲೂ ಕಟ್ಟಡ ಉರುಳಿದರೆ ಗ್ರಹಚಾರವನ್ನು ಬೈಯುವಂತಿಲ್ಲ. ಆ ಹದಿನೈದು ನಿಮಿಷ ನಾನು ನೋಡುತ್ತಾ ಕೂತಿದ್ದು ಇದನ್ನೇ. ಮೂರು ಕಡೆ ಏಟು ಬೀಳಲಿದೆ, ಎರಡನ್ನು ತಪ್ಪಿಸುವ ದಾರಿ ಕಾಣುತ್ತಿದೆ, ಮೂರನೆಯದಕ್ಕೂ ದಾರಿ ಇದ್ದೇ ಇರಬೇಕು ಎಂಬ ಗುಮಾನಿ.

ಇದರಲ್ಲಿ ಸುಖ ಎಲ್ಲಿದೆ? ಬರ್ನಾರ್ಡ್ ಸೂಟ್ಸ್ ಎಂಬ ತತ್ವಶಾಸ್ತ್ರಜ್ಞ 1978ರ ತನ್ನ ಪುಸ್ತಕದಲ್ಲಿ ಆಟಕ್ಕೆ ಒಂದು ವ್ಯಾಖ್ಯೆ ಕೊಟ್ಟ. ಅಗತ್ಯವೇ ಇಲ್ಲದ ಅಡ್ಡಿಗಳನ್ನು ಮನಸಾರೆ ಒಪ್ಪಿಕೊಂಡು ದಾಟಲು ಯತ್ನಿಸುವುದೇ ಆಟ ಎಂಬುದು ಅದರ ಸಾರ. ಗಾಲ್ಫ್ ಚೆಂಡನ್ನು ಕೈಯಲ್ಲಿ ಒಯ್ದು ಗುಳಿಗೆ ಹಾಕಿಬಿಡಬಹುದು; ಕೋಲಿನಿಂದಲೇ ಹಾಕುತ್ತೇನೆ ಎನ್ನುವವನು ಆಟ ಆಡುತ್ತಿದ್ದಾನೆ. ಮಾತು ಸರಿಯೇ. ಆದರೆ ಅಡ್ಡಿಗಳಲ್ಲೂ ಜಾತಿಗಳಿವೆ. ನಮ್ಮ ಮನೆಯಲ್ಲಿ ಅಜ್ಜಿಗೆ ಚೌಕಾಬಾರ ಇಷ್ಟ, ಅಮ್ಮನಿಗೆ ಚೆನ್ನೆಮಣೆ. ಚೌಕಾಬಾರದಲ್ಲಿ ಕವಡೆ ಬಿದ್ದಂತೆ ನಡೆಯಬೇಕು. ಸೋತ ಅಜ್ಜಿ ಕವಡೆಯನ್ನು ಬೈದು ಎದ್ದುಹೋಗುತ್ತಿದ್ದರು. ಚೆನ್ನೆಮಣೆಯಲ್ಲಿ ಎಲ್ಲ ಗುಳಿಗಳ ಎಲ್ಲ ಕಾಳುಗಳೂ ಕಣ್ಣೆದುರೇ ಇರುತ್ತವೆ. ಅಮ್ಮ ಸೋತರೆ ಬೈಯಲು ಯಾರೂ ಇರುತ್ತಿರಲಿಲ್ಲ. ಸುಮ್ಮನೆ ಮಣೆಯನ್ನು ನೋಡುತ್ತಾ ಕೂತು, "ಇಲ್ಲಿಂದ ಎತ್ತಬೇಕಿತ್ತು" ಎನ್ನುತ್ತಿದ್ದಳು. ಆ ಮಾತಿನಲ್ಲಿ ಬೇಸರಕ್ಕಿಂತ ಸಮಾಧಾನ ಹೆಚ್ಚಿತ್ತು ಎಂದು ಈಗ ಅನಿಸುತ್ತದೆ. ಎಲ್ಲಿ ಎಡವಿದೆ ಎಂದು ಬೆರಳಿಟ್ಟು ತೋರಿಸಲು ಆಗುವುದೂ ಒಂದು ಭಾಗ್ಯ.

ನನಗೆ ಈ ಆಟಗಳು ಹಿಡಿಸುವುದು ಗೆಲುವಿಗಾಗಿ ಅಲ್ಲ, ನ್ಯಾಯವಾದ ದೂಷಣೆಗಾಗಿ. ಬದುಕಿನಲ್ಲಿ ಅದು ಬಹಳ ಅಪರೂಪ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಎತ್ತಿದ 'ನೈತಿಕ ಅದೃಷ್ಟ'ದ ಪ್ರಶ್ನೆ ಇದೇ. ನೇಗೆಲ್ ಕೊಡುವ ಉದಾಹರಣೆ ಒಬ್ಬ ಲಾರಿ ಚಾಲಕನದು. ಅವನು ಬ್ರೇಕ್ ಪರೀಕ್ಷಿಸಿಕೊಳ್ಳುವುದನ್ನು ಉಪೇಕ್ಷಿಸಿದ್ದಾನೆ. ದಾರಿಯಲ್ಲಿ ಮಗುವೊಂದು ಅಡ್ಡ ಬಂದರೆ ಜೀವನಪೂರ್ತಿ ಕೊರಗುವ ಅಪರಾಧಿಯಾಗುತ್ತಾನೆ. ಬರದಿದ್ದರೆ ಮನೆಗೆ ಹೋಗಿ ಉಂಡು ಮಲಗುತ್ತಾನೆ. ಇಬ್ಬರೂ ಮಾಡಿದ ತಪ್ಪು ಒಂದೇ. ಮಗು ಅಡ್ಡ ಬರುವುದು ಬಿಡುವುದು ಅವನ ಕೈಯಲ್ಲಿರಲಿಲ್ಲ. ನಮ್ಮ ಕೈಯಲ್ಲಿ ಇಲ್ಲದ್ದಕ್ಕೆ ನಾವು ಹೊಣೆಯಲ್ಲ ಎಂದು ಎಲ್ಲರೂ ಒಪ್ಪುತ್ತೇವೆ. ಆದರೂ ಆಗಿಹೋದದ್ದನ್ನು ನೋಡಿಯೇ ತೀರ್ಪು ಕೊಡುತ್ತೇವೆ. ನಾನು ಥೀಸಿಸ್ ಬರೆಯುತ್ತಿರುವುದು ಈ ಇಕ್ಕಟ್ಟಿನ ಬಗ್ಗೆಯೇ. ಹಗಲೆಲ್ಲ ಇದನ್ನು ಓದಿ, ರಾತ್ರಿ ಅದೃಷ್ಟವನ್ನು ಹೊರಗಟ್ಟಿದ ಒಂದು ಜಗತ್ತಿಗೆ ಹೋಗಿ ಕೂರುವುದು ವಿಶ್ರಾಂತಿಯಂತೆ ಇತ್ತು.

ಕಳೆದ ಮಳೆಗಾಲದಲ್ಲಿ ಆ ವಿಶ್ರಾಂತಿ ಕೆಟ್ಟಿತು.

ಊರಲ್ಲಿ ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. ಅಡಿಕೆಗೆ ಮಳೆಗಾಲದ ದೊಡ್ಡ ಭಯ ಕೊಳೆ ರೋಗ. ಅದಕ್ಕೆ ಔಷಧಿಯೆಂದರೆ ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮಳೆ ಹಿಡಿಯುವ ಹೊತ್ತಿಗೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಗೊನೆಗಳಿಗೆ ಹೊಡೆಸಬೇಕು. ಹೊಡೆದದ್ದು ಒಣಗಲು ಕೆಲವು ಗಂಟೆಯಾದರೂ ಮಳೆ ಬಿಡಬೇಕು. ಮರ ಹತ್ತುವ ಕೊನೆಗೌಡ ಸಿಗಬೇಕು. ಊರಿನ ಎಲ್ಲ ತೋಟಕ್ಕೂ ಬೇಕಾದವನು ಅವನೊಬ್ಬನೇ. ಕಳೆದ ವರ್ಷ ಅಪ್ಪ ಕಾದ. ಕೊನೆಗೌಡ ಬರುತ್ತೇನೆಂದ ದಿನ ಬರಲಿಲ್ಲ. ಬಂದ ದಿನ ಮಳೆ ಬಿಡಲಿಲ್ಲ. ಕೊನೆಗೆ ಹೊಡೆಸುವ ಹೊತ್ತಿಗೆ ಮರದ ಬುಡದಲ್ಲಿ ಹಸಿ ಅಡಿಕೆ ಉದುರಿ ಬಿದ್ದಿತ್ತು.

ಫೋನಿನಲ್ಲಿ ಅಪ್ಪ ಇದನ್ನು ಹೇಳಿದಾಗ ನಾನಂದೆ: "ಮೇ ಕೊನೆಗೇ ಹೊಡೆಸಿದ್ರೆ ಮುಗೀತಿತ್ತಲ್ಲ ಅಪ್ಪ. ಮಳೆ ಬರತ್ತೆ ಅಂತ ಗೊತ್ತೇ ಇತ್ತಲ್ಲ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು ಮಾರಾಯ್ತಿ, ಗೊತ್ತಿತ್ತು" ಎಂದು ಫೋನನ್ನು ಅಮ್ಮನ ಕೈಗೆ ಕೊಟ್ಟ.

ಅವನಿಗೆ ಏನು ಗೊತ್ತಿತ್ತು? ಮಳೆ ಬರುತ್ತದೆ ಎಂದು ಗೊತ್ತಿತ್ತು, ಯಾವ ದಿನ ಎಂದಲ್ಲ. ಹಿಂದಿನ ವರ್ಷ ಬೇಗ ಹೊಡೆಸಿ, ಅದೇ ಸಂಜೆ ಗುಡುಗು ಮಳೆ ಬಂದು ಎಲ್ಲ ತೊಳೆದುಹೋಗಿತ್ತು. ಅದೂ ಅವನಿಗೆ ಗೊತ್ತಿತ್ತು. ತೀರಾ ಮೊದಲೇ ಹೊಡೆಸಿದರೆ ಕಾಯಿ ಬೆಳೆಯುತ್ತಾ ಹೋದಂತೆ ಔಷಧಿಯ ಪದರ ತೆಳುವಾಗುತ್ತದೆ ಎಂಬುದೂ ಗೊತ್ತಿತ್ತು. ಇವೆಲ್ಲವನ್ನೂ ತೂಗಿ ಕಾಯೋಣ ಎಂದುಕೊಂಡ. ನಾನು ಮಾಡಿದ್ದೇನೆಂದರೆ, ಆಟ ಮುಗಿದ ಮೇಲೆ ಹಾಸಿನ ಮೇಲೆ ಏಟಿನ ಗುರುತುಗಳನ್ನೆಲ್ಲ ಬರೆದು, ಮೊದಲಿಂದಲೂ ಇದ್ದವಲ್ಲ, ನಿನಗೆ ಕಾಣಲಿಲ್ಲವೇ ಎಂದು ಕೇಳಿದೆ. ಲಾರಿ ಚಾಲಕನ ಬಗ್ಗೆ ನಲವತ್ತು ಪುಟ ಬರೆದವಳು ಅಪ್ಪನ ವಿಷಯದಲ್ಲಿ ಒಂದು ವಾಕ್ಯವನ್ನು ಸರಿಯಾಗಿ ಆಡಲಿಲ್ಲ. ಅವನು ಉಪೇಕ್ಷೆ ಮಾಡಿದ ಚಾಲಕನೂ ಆಗಿರಲಿಲ್ಲ.

ಸಿ. ಥಿ ನ್ಯೂಯೆನ್ ಎಂಬ ತತ್ವಶಾಸ್ತ್ರಜ್ಞ ಆಟಗಳ ಬಗ್ಗೆ 2020ರಲ್ಲಿ ಬರೆದ ಪುಸ್ತಕದಲ್ಲಿ ಈ ಅಪಾಯದ ಹತ್ತಿರದ ಇನ್ನೊಂದನ್ನು ಗುರುತಿಸುತ್ತಾನೆ. ಆಟದಲ್ಲಿ ಗುರಿ ಸ್ಪಷ್ಟ, ಅಂಕ ಸ್ಪಷ್ಟ. ಆ ಸ್ಪಷ್ಟತೆ ಹಿತವಾದದ್ದು. ಆದರೆ ಹೊರಗಿನ ಜಗತ್ತೂ ಹಾಗೇ ಇರಬೇಕು ಎಂದು ಬಯಸತೊಡಗಿದರೆ ಕೆಡುತ್ತದೆ. ಗುರಿಯ ಬಗ್ಗೆ ಅವನು ಹೇಳುವುದನ್ನು ನಾನು ಹೊಣೆಯ ಬಗ್ಗೆಯೂ ಹೇಳುತ್ತೇನೆ. ಎಲ್ಲ ಸೋಲಿಗೂ ಒಂದು ತಪ್ಪು ನಡೆ ಇದ್ದೇ ಇರುತ್ತದೆ ಎಂಬ ನಂಬಿಕೆ ಹಾಸಿನ ಮೇಲೆ ನಮ್ಮನ್ನು ಒಳ್ಳೆಯ ಆಟಗಾರರನ್ನಾಗಿ ಮಾಡುತ್ತದೆ. ಮನೆಯಲ್ಲಿ ಅದೇ ನಂಬಿಕೆ ನಮ್ಮನ್ನು ಕ್ರೂರಿಗಳನ್ನಾಗಿ ಮಾಡಬಲ್ಲದು. ಸೋತವನು, ಸಾಲ ಮಾಡಿದವನು, ಕೆಲಸ ಕಳೆದುಕೊಂಡವನು ಎಲ್ಲರೂ ನಮ್ಮ ಕಣ್ಣಿಗೆ ಸರಿಯಾದ ನಡೆ ಕಾಣದ ದಡ್ಡರಾಗುತ್ತಾರೆ.

ಇದಾದ ಮೇಲೆ ಕೆಲವು ವಾರ ಆಟ ಮುಟ್ಟಲಿಲ್ಲ. ಮತ್ತೆ ತೆರೆದಾಗ, ಮೊದಲಿಂದಲೂ ಅಲ್ಲೇ ಇದ್ದ ಒಂದು ಸಣ್ಣ ಸಂಖ್ಯೆ ಕಣ್ಣಿಗೆ ಬಿತ್ತು. ಏಟು ಬಿದ್ದರೂ ಕಟ್ಟಡಕ್ಕೆ ಏನೂ ಆಗದೆ ಉಳಿಯುವ ಸಾಧ್ಯತೆ, ಆಟದ ಆರಂಭದಲ್ಲಿ 15 ಪ್ರತಿಶತ. ಅದೃಷ್ಟವನ್ನು ಹೊರಗಟ್ಟಿದ ಮನೆಯಲ್ಲಿ ಇದೊಂದು ಕಿಂಡಿ. ನಾನು ತಪ್ಪು ಲೆಕ್ಕ ಹಾಕಿ ಏಟು ಬೀಳಲು ಬಿಟ್ಟಿರುತ್ತೇನೆ, ಕಟ್ಟಡ ಉಳಿದುಬಿಡುತ್ತದೆ. ಸಂತೋಷವಾಗುತ್ತದೆ, ಆದರೆ ಅದರ ಬೆನ್ನಿಗೇ ಸ್ವಲ್ಪ ನಾಚಿಕೆಯೂ. ಕಟ್ಟಡ ನಿಂತಿದೆ, ನನ್ನ ತಪ್ಪೂ ನಿಂತಿದೆ. ನಿರ್ಧಾರ ಬೇರೆ, ಪರಿಣಾಮ ಬೇರೆ ಎಂಬುದನ್ನು ಆಟವೇ ನನಗೆ ಇಷ್ಟು ಸರಳವಾಗಿ ಕಲಿಸಿತ್ತು. ಉಳಿದ ಕಟ್ಟಡ ನನ್ನ ನಡೆಯನ್ನು ಸರಿ ಮಾಡುವುದಿಲ್ಲ ಎಂದಾದರೆ, ಉದುರಿದ ಅಡಿಕೆ ಅಪ್ಪನ ನಿರ್ಧಾರವನ್ನು ತಪ್ಪು ಮಾಡುವುದಿಲ್ಲ. ಪಾಠದ ಅರ್ಧವನ್ನಷ್ಟೇ ನಾನು ಕಲಿತಿದ್ದೆ.

ಇನ್ನೊಂದು ವ್ಯತ್ಯಾಸವನ್ನೂ ಹೇಳಬೇಕು. ಈ ಆಟದಲ್ಲಿ ಪೂರ್ತಿ ಸೋತಾಗ ಆ ಜಗತ್ತನ್ನು ಹುಳುಗಳಿಗೆ ಬಿಟ್ಟು, ನಮ್ಮ ಒಬ್ಬ ಚಾಲಕ ಕಲಿತದ್ದನ್ನೆಲ್ಲ ಹೊತ್ತುಕೊಂಡು ಬೇರೊಂದು ಕಾಲರೇಖೆಗೆ ಹಾರಿಹೋಗುತ್ತಾನೆ. ಅಲ್ಲಿ ಕಟ್ಟಡಗಳೆಲ್ಲ ಮತ್ತೆ ನಿಂತಿರುತ್ತವೆ. ಹೊಣೆ ಅಷ್ಟು ಸ್ವಚ್ಛವಾಗಿರಲು ಇದೂ ಕಾರಣ: ಹೊರಬೇಕಾದ ಭಾರ ಕಡಿಮೆ. ಅಪ್ಪನಿಗೆ ಹಾರಿಹೋಗಲು ಇನ್ನೊಂದು ತೋಟವಿಲ್ಲ. ಸೋತ ತೋಟಕ್ಕೇ ಮರುದಿನ ಬೆಳಿಗ್ಗೆ ಇಳಿದು, ಬಿದ್ದ ಅಡಿಕೆ ಹೆಕ್ಕಬೇಕು.

ಈ ವರ್ಷ ಜೂನ್ ಮೊದಲ ವಾರ ಅಪ್ಪನೇ ಫೋನ್ ಮಾಡಿದ. ಕೊನೆಗೌಡ ಬಂದು ನಿಂತಿದ್ದಾನೆ, ಆಕಾಶ ತೆರೆದಿದೆ, ಆದರೆ ಗಾಳಿ ಬೇರೆ ತರ ಬೀಸುತ್ತಿದೆ. "ಏನ್ಮಾಡ್ಲಿ? ನಿನ್ನ ಮೊಬೈಲಲ್ಲಿ ಏನ್ ತೋರಿಸ್ತದೆ?" ಮೊಬೈಲಿನಲ್ಲಿ ಅರ್ಧ ಮೋಡ, ಅರ್ಧ ಸೂರ್ಯ. "ನನಗೂ ಗೊತ್ತಾಗ್ತಿಲ್ಲ ಅಪ್ಪ, ನಿಂಗೆ ಏನನ್ನಿಸ್ತದೆ?" ಎಂದೆ. ಹೊಡೆಸಿಬಿಡುತ್ತೇನೆ ಎಂದ. ಹೊಡೆಸಿದ. ಮೂರು ಗಂಟೆಗೆ ಮಳೆ ಬಂತು. ಬೆಳಿಗ್ಗೆ ಹೊಡೆದ ಮೇಲಿನ ಭಾಗ ಒಣಗಿತ್ತು, ಕೆಳಗಿನ ಭಾಗ ಅಷ್ಟೂ ತೊಳೆದುಹೋಯಿತು.

ಸಂಜೆ ಅವನು ಇದನ್ನು ಹೇಳುವಾಗ ನಾನು, "ಬೆಳಿಗ್ಗೆ ಗೊತ್ತಿದ್ದಷ್ಟಕ್ಕೆ ನೀನು ಮಾಡಿದ್ದು ಸರಿಯಾಗೇ ಇತ್ತು" ಎಂದೆ. ಒಂದು ವರ್ಷದಿಂದ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತು ಅದು. ಹೋದ ವರ್ಷದ್ದಕ್ಕೂ ಸೇರಿಸಿಯೇ ಹೇಳಿದ್ದೆ. ಅಪ್ಪನಿಗೆ ಅರ್ಥವಾಯಿತೆಂದು ಕಾಣುತ್ತದೆ, ಸಣ್ಣಗೆ ನಕ್ಕ.

"ಅದು ಸರಿ. ಆದ್ರೆ ಮೈಲುತುತ್ತದ ದುಡ್ಡು ಹೋಯ್ತಲ್ಲ."

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಥೀಸಿಸ್ಸಿನಲ್ಲೂ ಇಲ್ಲ. ಕೆಳಗಿನ ಭಾಗಕ್ಕೆ ಮತ್ತೆ ಹೊಡೆಸಲು ಕೊನೆಗೌಡ ಯಾವಾಗ ಸಿಗುತ್ತಾನೆ ಎಂದು ಕೇಳಿದೆ.