ಚಿನ್ನದ ಪದಕವೂ ತವರದ ಪದಕವೂ



ನಮ್ಮ ಕನ್ನಡ ನಾಡಿನ ವೀರಗಲ್ಲುಗಳನ್ನು ನೀವು ಕಂಡೇ ಇದ್ದೀರಿ. ಅರಸನ ಕಾಳಗದಲ್ಲಿ ಮಡಿದವನಿಗೂ ಕಲ್ಲೇ, ಊರ ದನಗಳನ್ನು ಕಳ್ಳರಿಂದ ಬಿಡಿಸಹೋಗಿ ಸತ್ತವನಿಗೂ ಕಲ್ಲೇ. ಇಂಗ್ಲಿಷ್ ಕಂಪೆನಿಯವರ ಕ್ರಮವು ಬೇರೆಯಾಗಿತ್ತು. 1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆ ಅವರು ಒಂದು ಪದಕವನ್ನು ಅಚ್ಚು ಹಾಕಿಸಿದರು. ಸಿಂಹವು ಹುಲಿಯನ್ನು ಕೆಡವುತ್ತಿರುವ ಚಿತ್ರವು ಎಲ್ಲಾ ಪದಕಗಳಲ್ಲಿಯೂ ಒಂದೇ. ಲೋಹಗಳು ಮಾತ್ರ ಐದು. ದೊಡ್ಡ ಸರದಾರರಿಗೆ ಚಿನ್ನ, ಅವರ ಕೆಳಗಿನವರಿಗೆ ಚಿನ್ನದ ನೀರು ಕೊಟ್ಟ ಬೆಳ್ಳಿ, ಸಣ್ಣ ಅಧಿಕಾರಿಗಳಿಗೆ ಬರಿಯ ಬೆಳ್ಳಿ, ಹವಾಲ್ದಾರರಂಥವರಿಗೆ ಕಂಚು, ಸಾಮಾನ್ಯ ಸಿಪಾಯಿಗೆ ತವರ. ಕೋಟೆಯ ಒಡಕಿನಲ್ಲಿ ಏಣಿ ಹಿಡಿದು ಮೊದಲು ಏರಿದವರಲ್ಲಿ ತವರದವರೇ ಹೆಚ್ಚಾಗಿದ್ದರೆಂಬುದನ್ನು ಹೇಳಬೇಕಾದುದಿಲ್ಲವಷ್ಟೆ. ಆ ತವರವೂ ಅವರ ಕೈಸೇರಿದ್ದು 1808ರ ಸುಮಾರಿಗೆ. ಅಷ್ಟರಲ್ಲಿ ಎಷ್ಟು ಮಂದಿ ಮಣ್ಣಾಗಿದ್ದರೋ!

ಆ ಯುದ್ಧವು ನಮಗೆ ದೂರದ್ದಲ್ಲ. ಅದರ ಫಲವಾಗಿಯೇ ಹೊಸಪೇಟೆ, ಕಂಪ್ಲಿಗಳ ಸೀಮೆಯು 1800ರಲ್ಲಿ ನಿಜಾಮನಿಂದ ಕಂಪೆನಿಯ ಕೈಗೆ ಬಂತು. ಸಂಡೂರು ಘೋರ್ಪಡೆಯವರ ಸಂಸ್ಥಾನವಾಗಿ 1949ರ ವರೆಗೂ ಬೇರೆಯಾಗಿತ್ತು.

ಆ ವರುಷದಲ್ಲಿ ಫ್ರೆಂಚರ ಸಹಾಯವು ಕಡಲ ದಾರಿಯಿಂದ ಟಿಪ್ಪು ಸುಲ್ತಾನನಿಗೆ ಬಾರದಂತೆ ಮಲಬಾರಿನ ಕರೆಯನ್ನು ಕಾದ ನೌಕಾಪತಿಯ ಹೆಸರು ಪೀಟರ್ ರೇನಿಯರ್. ತುಂಗಭದ್ರೆಯ ಹರಿಗೋಲನ್ನಲ್ಲದೆ ಬೇರೆ ದೋಣಿಯನ್ನು ಕಾಣದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೂ ಈತನ ಚರಿತ್ರೆಯು ಕೇಳತಕ್ಕದ್ದು. ಈತನು 1741ರಲ್ಲಿ ಹುಟ್ಟಿದನು. ಪೂರ್ವಿಕರು ಫ್ರಾನ್ಸ್ ದೇಶದ ಪ್ರಾಟೆಸ್ಟಂಟರು. ತಮ್ಮ ವಿಶ್ವಾಸದ ನಿಮಿತ್ತ ಮನೆಮಠಗಳನ್ನು ಬಿಟ್ಟು ಇಂಗ್ಲೆಂಡಿಗೆ ಓಡಿಬಂದವರು. ವಿಶ್ವಾಸದ ದೆಸೆಯಿಂದ ಊರ ಬಾವಿಯ ನೀರನ್ನು ಕಳೆದುಕೊಂಡ ಮನೆಗಳು ನಮ್ಮಲ್ಲಿಯೂ ಇದ್ದವು, ಆದುದರಿಂದ ಅದರ ಅರ್ಥವು ನಿಮಗೆ ಗೊತ್ತು. ಹುಡುಗನು 1756ರಲ್ಲಿ ನೌಕಾಸೇವೆಗೆ ಸೇರಿದನು. 1778ರಲ್ಲಿ ಕಾಳಗದಲ್ಲಿ ಕಠಿಣವಾದ ಗಾಯ ತಿಂದು ಅದೇ ವರುಷ ಕಪ್ತಾನನಾದನು. 1782ರಲ್ಲಿಯೂ 1783ರಲ್ಲಿಯೂ ಫ್ರೆಂಚ್ ನೌಕಾಪತಿ ಸಫ್ರೆನನ ಸಂಗಡ ಇಂಗ್ಲಿಷರು ಮಾಡಿದ ಐದು ಕಡಲ ಕಾಳಗಗಳಲ್ಲಿ 'ಬರ್ಫರ್ಡ್' ಎಂಬ ಹಡಗನ್ನು ನಡಿಸಿದವನು ಈತನೇ. 1794ರಿಂದ 1805ರ ವರೆಗೆ ಪೂರ್ವಸಮುದ್ರಗಳ ನೌಕಾಬಲಕ್ಕೆಲ್ಲಾ ಈತನು ಒಡೆಯನಾಗಿದ್ದನು. ಕೊನೆಗೆ ಪೂರ್ಣ ಅಡ್ಮಿರಲನಾಗಿ, ಪಾರ್ಲಿಮೆಂಟಿನ ಸದಸ್ಯನೂ ಆಗಿ, 1808ರಲ್ಲಿ ತೀರಿಹೋದನು.

ಇಷ್ಟಾದರೂ ಆತನ ಹೆಸರಿನ ಹಿಂದೆ 'ಸರ್' ಎಂಬ ಬಿರುದು ಬರಲಿಲ್ಲ. 1794ರಲ್ಲಿ ಇಂಗ್ಲೆಂಡಿನ ಅರಸನು ನೌಕಾಪತಿಗಳಿಗೂ ಕಪ್ತಾನರಿಗೂ ಚಿನ್ನದ ಪದಕವನ್ನು ಏರ್ಪಡಿಸಿದನು. ಅದು ಕೆಲವು ಪ್ರಸಿದ್ಧ ಜಯಗಳಿಗೆ ಮಾತ್ರ. ಹುಟ್ಟು ಹಾಕಿದ, ಹಾಯಿ ಕಟ್ಟಿದ ಸಾಮಾನ್ಯ ನಾವಿಕನ ಗತಿಯೇನು? ಅವನಿಗಾಗಿ ಪದಕವು ಅಪ್ಪಣೆಯಾದದ್ದು 1847ರಲ್ಲಿ. 1793ರಿಂದ 1840ರ ವರೆಗಿನ ಕಾಳಗಗಳಿಗೆ ಮಾತ್ರ. ಅದೂ ಬದುಕಿದ್ದು ಬಂದು ಕೇಳಿಕೊಂಡವರಿಗೆ. ಸಫ್ರೆನನ ಕೂಡ ಕಾದಾಡಿದವರು ಆ ಲೆಕ್ಕದೊಳಗೆ ಸೇರಲೇ ಇಲ್ಲ.

ರೇನಿಯರನಿಗೆ ಬಿರುದು ಸಿಕ್ಕದಿದ್ದರೂ ಒಂದು ಬೆಟ್ಟವು ಸಿಕ್ಕಿತು. ಅಮೆರಿಕದ ಪಡುವಣ ಕರೆಯಲ್ಲಿ 4,392 ಮೀಟರು ಎತ್ತರವಾಗಿ ಹಿಮ ಹೊದ್ದು ನಿಂತಿರುವ ಒಂದು ಅಗ್ನಿಪರ್ವತಕ್ಕೆ ವ್ಯಾಂಕೂವರ್ ಎಂಬ ಕಪ್ತಾನನು 1792ರಲ್ಲಿ ಈ ಗೆಳೆಯನ ಹೆಸರನ್ನಿಟ್ಟನು. ರೇನಿಯರನು ಆ ಕಡೆಯ ಕಡಲಿನಲ್ಲಿ ಸೇವೆ ಮಾಡಿದವನೇ ಅಲ್ಲ. ಅಲ್ಲಿಯ ಮೂಲನಿವಾಸಿಗಳು ಅದನ್ನು ತಹೋಮಾ ಎಂದು ಮೊದಲೇ ಕರೆಯುತ್ತಿದ್ದರು. ಯಾವನೋ ಬಂದು ಮಾತಂಗ ಪರ್ವತಕ್ಕೆ ತನ್ನ ಸ್ನೇಹಿತನ ಹೆಸರನ್ನಿಟ್ಟಂತೆ ಇದಾಯಿತು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ. ಈ ಅಡ್ಮಿರಲನು ತನ್ನ ಮರಣಪತ್ರದಲ್ಲಿ ಆಸ್ತಿಯ ಹತ್ತರಲ್ಲೊಂದು ಪಾಲನ್ನು ತನ್ನ ದೇಶದ ಸಾಲವನ್ನು ತಗ್ಗಿಸುವದಕ್ಕೆ ಬರೆದಿಟ್ಟನು. ತನಗೆ ದೊರೆತ ಐಶ್ವರ್ಯವು ತನ್ನ ಯೋಗ್ಯತೆಗೆ ಮೀರಿದ್ದೆಂದು ಒಪ್ಪಿಕೊಂಡನು. ಯಾರೂ ಕೇಳದಿರುವಾಗ ದಶಮಾಂಶವನ್ನು ಕೊಡುವವನು ಅಪರೂಪ. ಇದನ್ನು ನಾನು ಮನಃಪೂರ್ವಕವಾಗಿ ಹೊಗಳುತ್ತೇನೆ.

ಆದರೆ ಆ ಐಶ್ವರ್ಯವು ಎಲ್ಲಿಂದ ಬಂತು? 1796ರಲ್ಲಿ ಆತನು ಡಚ್ಚರ ಕೈಯಲ್ಲಿದ್ದ ಅಂಬೋಯ್ನಾ, ಬಾಂಡಾ ಎಂಬ ದ್ವೀಪಗಳನ್ನು ಹಿಡಿದನು. ಉಗ್ರಾಣಗಳಲ್ಲಿ 5 ಲಕ್ಷ ರಾತ್ತಲಿಗೂ ಹೆಚ್ಚು ಲವಂಗ, 80 ಸಾವಿರ ರಾತ್ತಲಿಗೂ ಹೆಚ್ಚು ಜಾಯಿಕಾಯಿ, ಜಾಪತ್ರೆ, ಪೆಟ್ಟಿಗೆಗಳಲ್ಲಿ ನಾಣ್ಯ ಸಿಕ್ಕಿದವು. ಹಡಗಿನ ಕಪ್ತಾನರಿಗೇ ತಲೆಗೆ ಸುಮಾರು 15,000 ಪೌಂಡು ಬಂತಂತೆ. ಒಡೆಯನ ಪಾಲನ್ನು ನೀವೇ ಊಹಿಸಿರಿ. ಲವಂಗವನ್ನು ಬೆಳೆದವರು ಡಚ್ಚರಲ್ಲ. ಬೆಲೆ ಇಳಿಯಬಾರದೆಂದು ಇತರ ದ್ವೀಪಗಳ ಮರಗಳನ್ನು ಕಡಿಸಿ, ಅಂಬೋಯ್ನಾದ ಪ್ರಜೆಗಳಿಂದ ತಾವಿಟ್ಟ ಬೆಲೆಗೆ ಕೊಂಡು ತುಂಬಿಸಿದ ಉಗ್ರಾಣವದು.

ಸುಂಕದ ಜಕ್ಕಾಯನ ಸಂಗತಿಯನ್ನು ನೀವು ಬಲ್ಲಿರಿ. ಆತನು ಬಡವರಿಗೆ ಅರ್ಧ ಆಸ್ತಿಯನ್ನು ಕೊಡುವೆನೆಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಅನ್ಯಾಯದಿಂದ ಯಾರ ಕೈಯಿಂದ ತೆಗೆದುಕೊಂಡಿದ್ದನೋ ಅವರಿಗೇ ನಾಲ್ಕರಷ್ಟಾಗಿ ತಿರಿಗಿ ಕೊಡಲು ಒಪ್ಪಿದನು. ಕಂಪ್ಲಿಯ ಗದ್ದೆಗಳಲ್ಲಿ ಭತ್ತ ಬಂದಾಗ ನೀವು ದೇವರ ಪಾಲನ್ನು ಅಳೆದು ತರುತ್ತೀರಿ. ತರುವ ಮೊದಲು ಕೊಯ್ದವಳ ಕೂಲಿಯ ಸೇರು ತುಂಬಿತ್ತೋ, ಕಂಠದ ವರೆಗೆ ಮಾತ್ರವೋ, ನೋಡಿಕೊಳ್ಳಿರಿ. ಸಭೆಯ ಕಾಣಿಕೆಯ ಪುಸ್ತಕದಲ್ಲಿ ಅವಳ ಹೆಸರು ಬರುವದಿಲ್ಲ.

1802ರ ಒಪ್ಪಂದದ ಪ್ರಕಾರ ಆ ದ್ವೀಪಗಳನ್ನು ಇಂಗ್ಲಿಷರು ಡಚ್ಚರಿಗೆ ಹಿಂದಕ್ಕೆ ಒಪ್ಪಿಸಿದರು. ಲವಂಗವು ಹಿಂದಕ್ಕೆ ಹೋಗಲಿಲ್ಲ.