ನಂಬಿಕೆಗೆ ಯೋಗ್ಯನಾದ ವರ್ತಕನು ಯಾರು?

ಕಣ್ಣಿಗೆ ಕಾಣದ ಅಂಗಡಿಯವನನ್ನು ನಂಬುವದು ವಿವೇಕವೋ? ಬಟ್ಟೆ, ಪಾತ್ರೆ, ಪುಸ್ತಕ ಮೊದಲಾದವುಗಳನ್ನು ಮೊಬೈಲಿನ ಮೂಲಕ ತರಿಸಿಕೊಳ್ಳುವವರು ಹಳ್ಳಿಗಳಲ್ಲಿಯೂ ಅನೇಕರಿರುವದರಿಂದ ಈ ಪ್ರಶ್ನೆಯನ್ನು ವಿಚಾರಿಸತಕ್ಕದ್ದು. ಸಂತೆಯ ವರ್ತಕನನ್ನು ನಾವು ನಂಬುವದು ಅವನ ಮಾತು ಸಿಹಿಯಾಗಿರುವದರಿಂದಲ್ಲ. ತೂಕ ತಪ್ಪಿದರೆ ಬರುವ ವಾರ ಅವನನ್ನು ಅಲ್ಲಿಯೇ ಕೇಳಬಹುದಾದದರಿಂದಲೇ. ಹಾಗಾದರೆ ನಂಬಿಕೆಗೆ ಆಧಾರವು ಉತ್ತರ ಕೊಡುವ ಹೊಣೆಯೇ ಹೊರತು ಹೊರಗಣ ಅಂದವಲ್ಲ.

ಜಾಲತಾಣದ ವಿಳಾಸದ ಬಳಿಯಲ್ಲಿರುವ ಬೀಗದ ಗುರುತನ್ನು ನೋಡಿ ಕೆಲವರು ಮೋಸಹೋಗುತ್ತಾರೆ. ಆ ಬೀಗವು ನಾವು ಕಳುಹಿಸುವದನ್ನು ದಾರಿಯಲ್ಲಿ ಇತರರು ಓದದಂತೆ ಕಾಯುವದಷ್ಟೇ. ಪಡೆಯುವವನು ಪ್ರಾಮಾಣಿಕನೆಂದು ಸಾಕ್ಷಿ ಕೊಡುವದಿಲ್ಲ. ಕಳ್ಳನ ಮನೆಗೂ ಬೀಗವುಂಟಲ್ಲವೇ?

ನಮ್ಮ ದೇಶದ 2020ನೆಯ ಇಸವಿಯ ಇ-ವಾಣಿಜ್ಯ ನಿಯಮಗಳ ಪ್ರಕಾರ ಇಂಥ ಅಂಗಡಿಯು ತನ್ನ ಹೆಸರನ್ನೂ ವಿಳಾಸವನ್ನೂ ದೂರು ಕೇಳುವ ಅಧಿಕಾರಿಯ ಹೆಸರನ್ನೂ ಪ್ರಕಟಿಸತಕ್ಕದ್ದು. ಆ ಅಧಿಕಾರಿಯು ದೂರು ತಲಪಿತೆಂದು 48 ತಾಸುಗಳೊಳಗೆ ತಿಳಿಸಿ, 1 ತಿಂಗಳೊಳಗೆ ಪರಿಹರಿಸತಕ್ಕದ್ದು. ಇವುಗಳನ್ನು ಮರೆಮಾಡುವವನು ಅರ್ಧ ಕ್ರಯಕ್ಕೆ ಕೊಟ್ಟೇನೆಂದರೂ ಅವನಿಂದ ದೂರವಿರೋಣ. ಬರೆದ ವಿಳಾಸವು ನಿಜವೋ ಎಂದು ವಿಚಾರಿಸುವದೂ ಅಗತ್ಯ. ಹಣ ಹಿಂದಿರುಗಿಸುವ ನೆವದಿಂದ ಯುಪಿಐ ಪಿನ್ ಕೇಳುವವನು ವಂಚಕನೇ. ಯಾಕಂದರೆ ಹಣ ಪಡೆಯುವದಕ್ಕೆ ಆ ಗುಪ್ತ ಸಂಖ್ಯೆ ಬೇಡ.

ಎಲ್ಲರನ್ನೂ ಸಂಶಯಿಸುವದು ಸತ್ಯವಂತನಿಗೆ ಅನ್ಯಾಯ; ವಿಚಾರಿಸದೆ ನಂಬುವದು ಕಪಟಿಗೆ ಸಹಾಯ. ಮೋಸಹೋದವರನ್ನು ಹಾಸ್ಯಮಾಡದಿರೋಣ. ನಾಚಿಕೆಯು ಅವರ ಬಾಯಿ ಕಟ್ಟಿದರೆ ಕಳ್ಳನು ನೆರೆಮನೆಗೆ ಹೋಗುವನು. ಸೈಬರ್ ವಂಚನೆಯ ದೂರು ಕೇಳುವ 1930 ಎಂಬ ಸಂಖ್ಯೆಗೆ ತಡಮಾಡದೆ ತಿಳಿಸುವಂತೆ ಅವರಿಗೆ ನೆರವಾಗೋಣ.